ಇಪ್ಪತ್ತಮೂರು ಗೂಡುಗಳು

ಅಂಗಡಿಯ ಮೇಲಿನ ಕೋಣೆ
ಮಾರ್ಚ್ ೧೨, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಜ್ಜ,

ಮೊದಲು ನಿಮ್ಮ ಮಂಡಿಯ ಸಮಾಚಾರ ಹೇಳಿ. ದೊಡ್ಡಮ್ಮನ ಮನೆಯ ಮೆಟ್ಟಿಲು ಬಹಳ ಕಡಿದಾಗಿದೆಯೆಂದು ಅಮ್ಮ ದಿನಕ್ಕೆರಡು ಸಲವಾದರೂ ನೆನೆಸಿಕೊಳ್ಳುತ್ತಾಳೆ. ಕಣ್ಣಿನ ಹನಿ ಮದ್ದು ಹಾಕುವುದನ್ನು ದೊಡ್ಡಮ್ಮ ಮರೆಯುತ್ತಾಳೆ, ಮರೆತದ್ದನ್ನು ನೀವು ನೆನಪಿಸುವುದಿಲ್ಲ; ಹೀಗೆ ಇಬ್ಬರೂ ಸೇರಿಕೊಂಡರೆ ಕಣ್ಣಿನ ಗತಿಯೇನು? ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ. ಶೀಷೆಯನ್ನು ನಿಮ್ಮ ಟೀ ಲೋಟದ ಪಕ್ಕದಲ್ಲೇ ಇಟ್ಟುಕೊಳ್ಳಿ. ಟೀಯನ್ನು ನೀವು ಮರೆತ ದಿನ ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಇಲ್ಲಿ ನಾವು ಕ್ಷೇಮ. ಅಪ್ಪ ಎಂದಿನಂತೆ ವಾರಕ್ಕೆರಡು ದಿನ ರೈಲಿನಿಂದಿಳಿದು ಬಂದು, ನಿದ್ದೆ ಮಾಡಿ, ಮತ್ತೆ ರೈಲು ಹತ್ತುತ್ತಾರೆ. ಅಮ್ಮ ಕೆಳಗೆ ನಿಮ್ಮ ಪುಸ್ತಕ ಕಟ್ಟುವ ಅಂಗಡಿಯ ಬಾಗಿಲನ್ನು ದಿನಾ ಹತ್ತು ನಿಮಿಷ ತೆರೆದು ಗಾಳಿಯಾಡಿಸಿ ಮುಚ್ಚುತ್ತಾಳೆ. ಅಂಟಿನ ವಾಸನೆ ಕಡಿಮೆಯಾಗುತ್ತಿದೆ ಎಂದು ನಿನ್ನೆ ಹೇಳಿದಳು. ಇಷ್ಟು ವರ್ಷ ಆ ವಾಸನೆಗೆ ಮೂಗು ಮುರಿದವಳು ಅದನ್ನು ದೂರಿನಂತೆ ಹೇಳಿದ್ದು ನನಗೆ ಆಶ್ಚರ್ಯವಾಯಿತು.

ಫೋನು ಮಾಡದೆ ಪತ್ರವೇಕೆ ಎಂದು ನೀವು ಕೇಳಬಹುದು. ಫೋನಿನಲ್ಲಿ ಮಾತಾಡಿದರೆ ನಾನು ಗೆಲ್ಲುತ್ತೇನೆ, ಅಜ್ಜ. ಚರ್ಚಾಸ್ಪರ್ಧೆಗಳಲ್ಲಿ ಐದು ವರ್ಷ ಬಹುಮಾನ ಪಡೆದ ನಾಲಿಗೆ ಇದು. ಸೋಲಬೇಕಾದಲ್ಲೂ ಅದು ಗೆದ್ದೇ ಬರುತ್ತದೆ. ಈಗ ನಾನು ಹೇಳಬೇಕಾದ ವಿಷಯದಲ್ಲಿ ಗೆಲ್ಲುವ ಅಧಿಕಾರ ನನಗಿಲ್ಲ. ಆದ್ದರಿಂದ ಕ್ರಮವಾಗಿ, ಒಂದನ್ನೂ ಬಿಡದೆ ಬರೆಯಲು ಕುಳಿತಿದ್ದೇನೆ.

ಕಳೆದ ವರ್ಷದ ಕೊನೆಯಲ್ಲಿ ನಾನು ಬರೆದ ಪ್ರಬಂಧ ನಿಮಗೆ ನೆನಪಿದೆ, ನೆನಪಿರದೆ ಹೇಗೆ? ಕಾಲೇಜಿನ ಗ್ರಂಥಾಲಯದಲ್ಲಿ ಬಹಳ ಹಳೆಯದೊಂದು ಇಂಗ್ಲಿಷ್ ಕಾದಂಬರಿ ಇದೆ. ಹಾಳುಕೋಟೆ, ಗೋಪುರ, ಬಿರುಗಾಳಿ, ಭಯ ಎಲ್ಲ ತುಂಬಿದ ಆ ಜಾತಿಯ ಬರಹವನ್ನು ನಾವು ಗಾಥಿಕ್ ಎನ್ನುತ್ತೇವೆ. ಮುಖಪುಟದಲ್ಲಿ ಬರೆದವರ ಹೆಸರೂ ಇಲ್ಲ. ಕಥೆ ಒಬ್ಬ ಗಂಟೆ ಎರಕದವನದು. ಒಮ್ಮೆ ಹೊಡೆದರೆ ನಾದ ಎಂದೆಂದಿಗೂ ನಿಲ್ಲದಂಥ ಗಂಟೆಯೊಂದನ್ನು ಎರಕ ಹೊಯ್ಯುತ್ತೇನೆಂದು ಅವನ ಹಟ. ಕೆಲಸ ಕಲಿಸಿದ ಮುದುಕ ಜೊತೆಯಲ್ಲೇ ಇದ್ದಾನೆ. ಪ್ರತಿದಿನ ಅಚ್ಚನ್ನು ಬೆರಳಗಂಟಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, ಇನ್ನೂ ಹಸಿಯಿದೆ, ತಡೆ ಎನ್ನುವುದೊಂದೇ ಅವನ ಕೆಲಸ. ನಾಯಕ ತಡೆಯುವುದಿಲ್ಲ. ಕೊನೆಗೆ ಗಂಟೆ ಮೊಳಗುತ್ತದೆ, ಗೋಪುರ ಸೀಳುತ್ತದೆ, ಊರು ಖಾಲಿಯಾಗುತ್ತದೆ. ಅವನ ಕಿವಿಯಲ್ಲಿ ಮಾತ್ರ ಆ ನಾದ ನಿಲ್ಲುವುದಿಲ್ಲ. ಬೇರೆ ಯಾವ ದನಿಯೂ ಇನ್ನು ಅವನಿಗೆ ಕೇಳಿಸದು. ಅತಿಯಾದ ಆತ್ಮವಿಶ್ವಾಸ ಮನುಷ್ಯನನ್ನು ಹೇಗೆ ಕಿವುಡಾಗಿಸುತ್ತದೆ ಎಂಬುದೇ ನನ್ನ ಪ್ರಬಂಧದ ವಿಷಯವಾಗಿತ್ತು. ಆ ವಿಷಯದ ಮೇಲೆ ನಲವತ್ತು ಪುಟ ಬರೆದು ಮುಗಿಸುವವರೆಗೂ ನನಗೆ ನಗು ಬರಲಿಲ್ಲ. ಈಗ ಬರುತ್ತಿದೆ, ಚೆನ್ನಾದ ನಗುವಲ್ಲ.

ಪ್ರಬಂಧಕ್ಕೆ ಕೀರ್ತಿ ಬಂದದ್ದು ಈ ವಿಚಾರದಿಂದಲ್ಲ, ನನ್ನ ಒಂದು ಶೋಧದಿಂದ. ನೀರು ಕುಡಿದು ಕೊಳೆತಿದ್ದ ಮೇಲಂಚನ್ನು ಎಂದೋ ಕತ್ತರಿಸಿದ್ದರಿಂದ ಆ ಪ್ರತಿಯಲ್ಲಿ ಪುಟಸಂಖ್ಯೆಗಳೇ ಇಲ್ಲ. ಉಳಿದಿರುವುದು ಪ್ರತಿ ಫಾರಂನ ಮೊದಲ ಪುಟದ ಅಡಿಯಲ್ಲಿ ಅಚ್ಚಾದ ಗುರುತಿನ ಅಕ್ಷರ ಮಾತ್ರ: ಹದಿನಾರು ಪುಟದ ಒಂದು ಮಡಿಕೆಗೆ ಎ, ಮುಂದಿನದಕ್ಕೆ ಬಿ, ಹೀಗೆ. ನಿಮಗೆ ಇದನ್ನು ವಿವರಿಸುವುದು ಮೀನಿಗೆ ಈಜು ಹೇಳಿಕೊಟ್ಟಂತೆ; ಆದರೂ ಕ್ರಮ ತಪ್ಪದಿರಲೆಂದು ಬರೆಯುತ್ತಿದ್ದೇನೆ. ಐ ಅಕ್ಷರದ ಫಾರಂ ಮುಗಿಯುವಾಗ ಮುದುಕ ಅಚ್ಚಿನ ಪಕ್ಕ ಕುಳಿತು ರೊಟ್ಟಿಯ ಚೂರು ತಿನ್ನುತ್ತಿದ್ದಾನೆ. ಮುಂದಿನ ಹಾಳೆ ತಿರುವಿದರೆ ನಾಯಕ ಗೋಪುರದಲ್ಲಿ ಒಬ್ಬನೇ. ಮುದುಕನ ಕೋಲು ಗೋಡೆಗೆ ಒರಗಿದೆ, ಮುದುಕನ ಸುದ್ದಿಯೇ ಇಲ್ಲ. ಆ ಹಾಳೆಯ ಅಡಿಯಲ್ಲಿರುವ ಅಕ್ಷರ ಕೆ. ನಡುವಿನ ಜೆ ಎಲ್ಲಿ? ಗುರುವನ್ನು ಶಿಷ್ಯ ಹೊರಗಟ್ಟಿದ ಮಹಾ ಜಗಳದ ಹದಿನಾರು ಪುಟಗಳು ಇಲ್ಲಿ ಕಳೆದುಹೋಗಿವೆ, ಕಾದಂಬರಿಯ ಹೃದಯವೇ ಕಾಣೆಯಾಗಿದೆ ಎಂದು ಬರೆದೆ. ಆ ಪುಟಗಳಲ್ಲಿ ಏನಿದ್ದಿರಬೇಕೆಂದೂ ಊಹಿಸಿ ಬರೆದೆ. ಅದು ಹೇಗೆ ಕಳೆದುಹೋಯಿತೆಂದು ಏಳನೆಯ ಅಡಿಟಿಪ್ಪಣಿಯಲ್ಲಿ ವಿವರಿಸಿದೆ: ‘ಈ ಪ್ರತಿಯನ್ನು ಪುನಃ ಕಟ್ಟಿದ ಅನಾಮಧೇಯ ಸ್ಥಳೀಯ ಕುಶಲಕರ್ಮಿಯ ಅಜಾಗರೂಕತೆಯಿಂದ.’

ಈ ಜನವರಿಯಲ್ಲಿ ಅದನ್ನು ತರಗತಿಯಲ್ಲಿ ಓದಿದಾಗ ಚಪ್ಪಾಳೆ ನಿಲ್ಲಲಿಲ್ಲ. ಸದಾ ನನ್ನ ಹಿಂದಿನ ರ್‍ಯಾಂಕಿನಲ್ಲೇ ಇರುವ ಒಬ್ಬ ಹುಡುಗನಿದ್ದಾನಲ್ಲ, ನೀವು ‘ನಂಬರ್ ಎರಡು’ ಎನ್ನುವವನು, ಅವನೊಬ್ಬ ಮಾತ್ರ ಕೈಯೆತ್ತಿ, “ಆ ಪುಸ್ತಕ ಕಟ್ಟಿದವರು ಬದುಕಿದ್ದರೆ ಒಂದ್ಸಲ ಅವರನ್ನೇ ಕೇಳಬಹುದಿತ್ತಲ್ವಾ?” ಎಂದ. ನಾನು, “ಬಟ್ಟೆ ಹೊಲಿಯೋರನ್ನ ಕೇಳಿ ಮದುಮಗಳ ಮನಸ್ಸು ತಿಳ್ಕೋಬೇಕಾ?” ಎಂದೆ. ಇಡೀ ತರಗತಿ ನಕ್ಕಿತು. ಅವನೂ ನಕ್ಕ, ಪಾಪ. ಆ ಮಾತು ಎಷ್ಟು ಚೆನ್ನಾಗಿ ಬಂತೆಂದು ಮನೆಗೆ ಬರುವ ದಾರಿಯುದ್ದಕ್ಕೂ ನಾನು ಹಿಗ್ಗಿದ್ದೆ.

ಆ ಭಾನುವಾರ ಬೆಳಿಗ್ಗೆ ಟೀ ಕುಡಿಯುತ್ತಾ ನಿಮಗೂ ಅಮ್ಮನಿಗೂ ಅದನ್ನು ಓದಿ ಹೇಳಿದೆ. ಅಡಿಟಿಪ್ಪಣಿಯನ್ನೂ ಬಿಡಲಿಲ್ಲ. ನೀವು ಲೋಟ ಕೆಳಗಿಟ್ಟು, “ಕಂದು ರಟ್ಟು, ಬೆನ್ನಿಗೆ ಹಸಿರು ಬಟ್ಟೆ, ಅದೇನಾ?” ಎಂದು ಕೇಳಿದಿರಿ. ಹೌದೆಂದೆ. “ಅದು ನಾನೇ ಹೊಲಿದದ್ದು ಪಂಡಿತೆ. ನಿಮ್ಮಮ್ಮ ಹುಟ್ಟಿದ ವರ್ಷ. ಹಾಳೆ ಬಿಟ್ಟಿಲ್ಲ. ಒಂದು ಗಳಿಗೆ ಕೆಳಗೆ ಅಂಗಡಿಗೆ ಬಾ, ತೋರಿಸ್ತೀನಿ” ಎಂದಿರಿ. ನಾನು ಏನೆಂದೆನೆಂಬುದು ನಿಮಗೆ ಗೊತ್ತು, ಆದರೂ ನನ್ನ ಕೈಯಿಂದಲೇ ಬರೆಯುತ್ತೇನೆ: “ಅಜ್ಜ, ಇದು ಹೊಲಿಗೆ ವಿಷಯ ಅಲ್ಲ, ಸಾಹಿತ್ಯದ ವಿಷಯ. ನಿಮಗೆ ಗೊತ್ತಾಗಲ್ಲ ಬಿಡಿ.” ಅಮ್ಮ ಬೆಚ್ಚಿ ನನ್ನ ಮುಖ ನೋಡಿದಳು. ನೀವು ಲೋಟವನ್ನು ತೊಳೆಯಲು ತೆಗೆದುಕೊಂಡು ಹೋದಿರಿ. ಕುಶಲಕರ್ಮಿ ನೀವೇ ಎಂದು ತಿಳಿದ ಮೇಲೂ ನಾನು ಆ ಟಿಪ್ಪಣಿಯನ್ನು ತೆಗೆಯಲಿಲ್ಲ. ಹೆಸರು ಹಾಕದೆ ‘ಅನಾಮಧೇಯ’ ಎಂದಷ್ಟೇ ಉಳಿಸಿದ್ದನ್ನು ನಿಮಗೆ ಮಾಡಿದ ಉಪಕಾರವೆಂದು ಎಣಿಸಿದ್ದೆ. ಮುಂದಿನ ವಾರ ನೀವು ಹತ್ತು ದಿನಕ್ಕೆಂದು ದೊಡ್ಡಮ್ಮನ ಮನೆಗೆ ಹೊರಟಿರಿ. ನಾನು ಮೇಲೆ ಓದಿನಲ್ಲಿ ಮುಳುಗಿದ್ದೆ. ನೀವು ಹೋದದ್ದು ತಿಳಿದಾಗ ಮಧ್ಯಾಹ್ನವಾಗಿತ್ತು. ಆ ಹತ್ತು ದಿನಕ್ಕೆ ಈಗ ಆರು ವಾರ.

ಗ್ರಂಥಾಲಯದ ವಿಷಯವನ್ನು ಅಮ್ಮ ನಿಮಗೆ ಹೇಳಿದ್ದಾಳೆ. ಪ್ರತಿವರ್ಷ ಹರಿದ ಪುಸ್ತಕಗಳ ಎರಡು ದೊಡ್ಡ ಪೆಟ್ಟಿಗೆಗಳು ನಮ್ಮ ಅಂಗಡಿಗೆ ಬರುತ್ತಿದ್ದವು. ಈ ಸಲ ಬೇರೆ ಕಡೆ ಕೊಟ್ಟಿದ್ದೇವೆಂಬ ಎರಡು ಸಾಲಿನ ಚೀಟಿ ಬಂತು. ನೀವು, “ಆಗಲಿ ಬಿಡು, ಕಣ್ಣಿಗೂ ವಿಶ್ರಾಂತಿ” ಎಂದಿರಂತೆ. ಪ್ರಬಂಧದ ಒಂದು ಪ್ರತಿ ಗ್ರಂಥಾಲಯಕ್ಕೂ ಹೋಗಿತ್ತು; ಆದರೂ ಚೀಟಿಗೂ ನನ್ನ ಟಿಪ್ಪಣಿಗೂ ಸಂಬಂಧವಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ಹೊರಗಿನವರಿಗೆ ಅನಾಮಧೇಯನಾದವನು ಗ್ರಂಥಪಾಲಕರಿಗೆ ಅನಾಮಧೇಯನಲ್ಲ ಎಂಬ ಇಷ್ಟು ಸರಳ ಸಂಗತಿಯನ್ನು, ನಲವತ್ತು ಪುಟಗಳ ತರ್ಕ ಕಟ್ಟಿದವಳು ಯೋಚಿಸಿರಲಿಲ್ಲ.

ಈಗ ಮೊನ್ನೆಯ ಭಾನುವಾರಕ್ಕೆ ಬರುತ್ತೇನೆ. ಬರುವ ಶನಿವಾರ ಕಾಲೇಜಿನ ದೊಡ್ಡ ಸಭಾಂಗಣದಲ್ಲಿ ವಿಚಾರ ಸಂಕಿರಣ. ಹೊರಗಿನ ಮೂವರು ಪ್ರಾಧ್ಯಾಪಕರು ಬರುತ್ತಾರೆ. ಅವರು ಮೆಚ್ಚಿದ ಪ್ರಬಂಧಕ್ಕೆ ಚಿನ್ನದ ಪದಕ ಮತ್ತು ಮುಂದಿನ ಸಂಶೋಧನೆಗೆ ವಿದ್ಯಾರ್ಥಿವೇತನ. ಪದಕ ನನಗೇ ಎಂದು ಎಲ್ಲರೂ ಮಾತಾಡಿಕೊಂಡಾಗಿತ್ತು. ನನಗೆ ಅಷ್ಟು ಸಾಲಲಿಲ್ಲ. ಕಳೆದುಹೋದ ಆ ಹದಿನಾರು ಪುಟ ನಮ್ಮ ಅಂಗಡಿಯ ಯಾವುದೋ ಮೂಲೆಯಲ್ಲೇ ಬಿದ್ದಿರಬೇಕಲ್ಲ! ನೀವು ಯಾವ ಚೂರನ್ನೂ ಎಸೆಯುವವರಲ್ಲ. ಅದನ್ನು ಹುಡುಕಿ ತೆಗೆದು ವೇದಿಕೆಯ ಮೇಲೆ ಎತ್ತಿ ಹಿಡಿದರೆ ಹೇಗಿರುತ್ತದೆಂದು ಯೋಚಿಸಿ ನನ್ನ ತಲೆಗೆ ಕೋಡು ಮೂಡಿತು. ಅಮ್ಮನಿಂದ ಕೀಲಿ ಇಸಿದುಕೊಂಡು ಕೆಳಗಿಳಿದೆ.

ನಿಮ್ಮ ಅಂಗಡಿಯೊಳಗೆ ಒಬ್ಬಳೇ ನಿಂತು ಎಷ್ಟು ವರ್ಷವಾಗಿತ್ತೋ ತಿಳಿಯದು. ಕಟ್ಟಿದ ಪುಸ್ತಕ ಒತ್ತುವ ಪ್ರೆಸ್ಸಿನ ಹಿಡಿಕೆಗೆ ನಿಮ್ಮ ನೀಲಿ ಅಂಗವಸ್ತ್ರ ಸುತ್ತಿತ್ತು. ಮಡಿಕೆ ತೀಡುವ ಮೂಳೆಯ ಪಟ್ಟಿ ಮೇಜಿನ ಅಂಚಿಗೆ ಸರಿಯಾಗಿ, ಕೈಚಾಚಿದರೆ ಸಿಗುವ ಜಾಗದಲ್ಲೇ ಇತ್ತು. ಚೂರುಗಳ ಪೆಟ್ಟಿಗೆ ಹುಡುಕಿದೆ, ಹಳೆಯ ರಟ್ಟುಗಳ ಕಟ್ಟು ಬಿಚ್ಚಿದೆ, ಕಪಾಟಿನ ಹಿಂದೆ ಕೈಹಾಕಿ ಮೊಣಕೈವರೆಗೂ ಧೂಳು ಮಾಡಿಕೊಂಡೆ. ಕೊನೆಗೆ ಗೋಡೆಯ ಗೂಡುಗಳ ಹಲಗೆಯತ್ತ ತಿರುಗಿದೆ. ಬಿಚ್ಚಿದ ಪುಸ್ತಕದ ಫಾರಂಗಳನ್ನು ಅಕ್ಷರದ ಪ್ರಕಾರ ಇಡುವ, ನಿಮಗೆ ಕೆಲಸ ಕಲಿಸಿದವರು ಕೊಟ್ಟುಹೋದ ಆ ಮರದ ಹಲಗೆ. ಇದ್ದರೆ ಜೆ ಗೂಡಿನಲ್ಲೇ ಇರಬೇಕು ಎಂದುಕೊಂಡು ಬೆರಳಿಟ್ಟು ಎಣಿಸುತ್ತಾ ಹೋದೆ. ಜಿ. ಎಚ್. ಐ. ಕೆ.

ಮತ್ತೆ ಎಣಿಸಿದೆ. ಸ್ಟೂಲು ಎಳೆದುಕೊಂಡು ಹತ್ತಿ, ಸವೆದ ಬಿಳಿ ಬಣ್ಣದ ಒಂದೊಂದು ಅಕ್ಷರವನ್ನೂ ಒರೆಸಿ ನೋಡಿದೆ. ಇಪ್ಪತ್ತಮೂರೇ ಗೂಡುಗಳು. ಜೆ ಇಲ್ಲ, ವಿ ಇಲ್ಲ, ಡಬ್ಲ್ಯು ಇಲ್ಲ. ಗೂಡು ಮುರಿದು ಹೋದದ್ದಲ್ಲ. ಬಡಗಿ ಮಾಡುವಾಗಲೇ ಅಷ್ಟು. ಆ ಸ್ಟೂಲಿನ ಮೇಲೆ ನಿಂತಿರುವಾಗಲೇ ನನಗೆ ಐದನೆಯ ವಯಸ್ಸು ನೆನಪಾಯಿತು.

ನಾನು ಇಂಗ್ಲಿಷ್ ಅಕ್ಷರ ಕಲಿತದ್ದು ಆ ಹಲಗೆಯ ಮುಂದೆ, ನಿಮ್ಮ ತೊಡೆಯ ಮೇಲೆ ಕುಳಿತು. ಶಾಲೆಯ ಮೊದಲ ವಾರ ಟೀಚರ ಎದುರು ಗಟ್ಟಿಯಾಗಿ ಒಪ್ಪಿಸಿದೆ: ಎಚ್, ಐ, ಕೆ, ಎಲ್. ಮಕ್ಕಳೆಲ್ಲ ಗೊಳ್ಳೆಂದರು. ಟೀಚರು, “ಮೂರು ಅಕ್ಷರ ನುಂಗಿಬಿಟ್ಯಾ?” ಎಂದರು. ಅತ್ತುಕೊಂಡು ಬಂದವಳನ್ನು ನೀವು ಮೇಜಿನ ಮೇಲೆ ಕೂರಿಸಿ, ಹೊಟ್ಟೆ ಹಿಡಿದು ನಕ್ಕು, “ಹಳೇ ಮುದ್ರಣದೋರಿಗೆ ಐ ಜೆ ಎರಡೂ ಒಂದೇ, ಯು ವಿ ಎರಡೂ ಒಂದೇ, ಡಬ್ಲ್ಯು ಬೇಕೇ ಇರಲಿಲ್ಲ ಕಣೇ. ಶಾಲೇಲಿ ಇಪ್ಪತ್ತಾರು ಹೇಳು, ನಮ್ಮಂಗಡೀಲಿ ಇಪ್ಪತ್ಮೂರೇ” ಎಂದಿರಿ. ಆದರೆ ಆ ದಿನವೇ ನಾನು ನಿಶ್ಚಯಿಸಿದ್ದೆ, ಇನ್ನೆಂದೂ ತರಗತಿಯಲ್ಲಿ ನಗೆಪಾಟಲಾಗಬಾರದೆಂದು. ಮರುವಾರ ಇಪ್ಪತ್ತಾರನ್ನೂ ತಿರುಗುಮುರುಗಾಗಿ ಒಪ್ಪಿಸಿದೆ. ಅಂದಿನಿಂದ ಇಂದಿನವರೆಗೆ ಮೊದಲ ಸ್ಥಾನ ಬಿಟ್ಟಿಲ್ಲ. ಆ ಇಪ್ಪತ್ತಮೂರನ್ನು ಮಾತ್ರ ನನ್ನ ತಲೆಯಿಂದ ಎಷ್ಟು ಅಚ್ಚುಕಟ್ಟಾಗಿ ಅಳಿಸಿದ್ದೆನೆಂದರೆ, ಹದಿನೇಳು ವರ್ಷದ ನಂತರ ಅದೇ ಸಂಗತಿ ಪುಸ್ತಕದ ಅಡಿಯಲ್ಲಿ ಕಣ್ಣಿಗೆ ಬಿದ್ದಾಗ ಅದನ್ನು ಶೋಧವೆಂದು ಕರೆದೆ. ಕಾದಂಬರಿ ಟಿ ಅಕ್ಷರದ ಫಾರಂಗೆ ಮುಗಿಯುತ್ತದೆ. ಇನ್ನೊಂದೆರಡು ಫಾರಂ ಉದ್ದವಿದ್ದಿದ್ದರೆ ಉಳಿದ ಗೈರುಹಾಜರಿಗಳೂ ಕಣ್ಣಿಗೆ ಬಿದ್ದು ನಾನು ಬಚಾವಾಗುತ್ತಿದ್ದೆನೋ ಏನೋ. ಅಥವಾ ಇನ್ನೂ ಮೂವತ್ತೆರಡು ಪುಟ ನೀವು ಕಳೆದಿರೆಂದು ಬರೆಯುತ್ತಿದ್ದೆ. ನನ್ನನ್ನು ನಾನು ಬಲ್ಲೆ, ಎರಡನೆಯದೇ ಹೆಚ್ಚು ಸಂಭವ.

ಹಾಗಾದರೆ ಮುದುಕ ಎಲ್ಲಿ ಹೋದ? ಸೋಮವಾರ ಬೆಳಿಗ್ಗೆ ಗ್ರಂಥಾಲಯಕ್ಕೆ ಹೋಗಿ ಆ ಎರಡು ಹಾಳೆಗಳನ್ನು ಮತ್ತೆ ಓದಿದೆ. ಏನೂ ಕಳೆದಿಲ್ಲ, ಅಜ್ಜ. ಕಥೆ ಹೇಳುತ್ತಿರುವವನು ಆ ಗಂಟೆಯವನೇ. ಅಚ್ಚಿನ ಮಣ್ಣಿನ ಬಗ್ಗೆ ನಾಲ್ಕು ಪುಟ, ಕುಲುಮೆಯ ಬಣ್ಣದ ಬಗ್ಗೆ ಮೂರು ಪುಟ ಬರೆಯುವವನು, ತನಗೆ ಕೆಲಸ ಕಲಿಸಿದ ಮನುಷ್ಯ ಮನೆಬಿಟ್ಟು ಹೋದದ್ದಕ್ಕೆ ಒಂದು ಸಾಲನ್ನೂ ಕೊಡುವುದಿಲ್ಲ. ಜಗಳವೇ ಆಗಿರಲಿಕ್ಕಿಲ್ಲ. ಮುದುಕ ಎದ್ದು ಹೋಗಿದ್ದಾನೆ. ಇವನಿಗೆ ಅದು ಬರೆಯುವಷ್ಟು ದೊಡ್ಡ ವಿಷಯವೆನಿಸಿಲ್ಲ. ಗೋಪುರ ಬೀಳುವ ಪುಟಗಳಿಗಿಂತ ಭಯಂಕರವಾದದ್ದು ಆ ಬರಿದಾದ ಜಾಗ. ಅದನ್ನು ಯಾರೋ ಹಾಳೆ ಕಳೆದರೆಂದು ತಿಳಿದು, ನಾನು ಊಹೆಯ ಜಗಳವನ್ನು ತುಂಬಿ ಮುಚ್ಚಿಬಿಟ್ಟಿದ್ದೆ.

ಅಲ್ಲಿಂದ ನೇರವಾಗಿ ಮೇಡಂ ಕೋಣೆಗೆ ಹೋದೆ. ಮೂಗಿನ ಮೇಲೊಂದು, ತಲೆಯ ಮೇಲೊಂದು ಕನ್ನಡಕವಿಟ್ಟುಕೊಳ್ಳುವ ನಮ್ಮ ಪ್ರಾಧ್ಯಾಪಕಿ ಎಲ್ಲವನ್ನೂ ಕೇಳಿ, “ಎರಡು ಕನ್ನಡಕ ಇಟ್ಕೊಂಡು ನಾನೂ ಪುಟದ ಅಡಿಗೆ ನೋಡಲಿಲ್ಲವಲ್ಲೇ” ಎಂದರು. ಆಮೇಲೆ, “ಹಿಂದಕ್ಕೆ ತಗೊಂಡ್ರೆ ಪದಕ ಎರಡನೇ ಸ್ಥಾನದವನಿಗೆ ಹೋಗುತ್ತೆ. ಐದು ದಿನದಲ್ಲಿ ಹೊಸದು ಬರೆದ್ರೂ ನಿಯಮದ ಪ್ರಕಾರ ಅದು ಸ್ಪರ್ಧೆಗಿಲ್ಲ. ಆ ಟಿಪ್ಪಣಿ ಒಂದನ್ನೇ ಮೆಲ್ಲಗೆ ತೆಗೆದುಬಿಡ್ತೀಯಾ? ಯೋಚನೆ ಮಾಡು, ನಾಳೆ ಹೇಳು” ಎಂದರು. ನಾಳೆಯವರೆಗೆ ಬೇಡ, ಯೋಚನೆಯಾಗಿದೆ ಎಂದೆ. ಮೆಲ್ಲಗೆ ತೆಗೆದರೆ ನನ್ನ ಮರ್ಯಾದೆ ಉಳಿಯುತ್ತದೆ, ನಿಮ್ಮದು ಮರಳುವುದಿಲ್ಲ. ನಿಮ್ಮ ಮೇಲಿನ ಆರೋಪವನ್ನು ಚಪ್ಪಾಳೆಯ ನಡುವೆ ಓದಿದವಳು ನಾನು. ಅದು ಸುಳ್ಳೆಂಬುದನ್ನೂ ಅಷ್ಟೇ ಗಟ್ಟಿಯಾಗಿ ಓದಬೇಕು. ಗ್ರಂಥಪಾಲಕರು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಅವರಿಗೂ ಕೇಳಿಸಲಿ.

ಶನಿವಾರ ಹತ್ತು ಗಂಟೆಗೆ ನನ್ನದೇ ಮೊದಲ ಸರದಿ. ಹಳೆಯ ಪ್ರಬಂಧ ಏಕೆ ತಪ್ಪೆಂದು ಮೊದಲು ಹೇಳುತ್ತೇನೆ. ಆಮೇಲೆ ‘ಹೇಳದೆ ಬಿಟ್ಟ ಅಗಲಿಕೆ’ ಎಂಬ ಹೊಸದನ್ನು ಓದುತ್ತೇನೆ. ಆರು ಪುಟವಾಗಿದೆ, ನಲವತ್ತಲ್ಲ. ಚಪ್ಪಾಳೆ ಬೀಳುತ್ತದೋ ಇಲ್ಲವೋ ಗೊತ್ತಿಲ್ಲ. ನಂಬರ್ ಎರಡಕ್ಕೆ ಇವತ್ತು ಬೆಳಿಗ್ಗೆ ವಿಷಯ ತಿಳಿಸಿದೆ. ಅವನು ಹಿಗ್ಗುತ್ತಾನೆಂದು ಎಣಿಸಿದ್ದೆ. “ನಿಮ್ಮ ಅಜ್ಜನನ್ನ ಒಂದ್ಸಲ ನೋಡ್ಬೇಕು ನಾನು” ಎಂದಷ್ಟೇ ಹೇಳಿದ. ಪದಕ ಹೋಗುವುದಕ್ಕೆ ದುಃಖವಿಲ್ಲವೆಂದು ಬರೆದರೆ ಸುಳ್ಳಾದೀತು. ಇದೆ. ಅದರ ಜೊತೆಯಲ್ಲೇ ಓದುತ್ತೇನೆ. ಮುಂದಿನ ವರ್ಷದ ಪದಕವನ್ನು ಮಾತ್ರ ಯಾರಿಗೂ ಬಿಡುವ ಯೋಚನೆ ನನಗಿಲ್ಲ ಎಂಬುದನ್ನೂ ಈಗಲೇ ತಿಳಿಸಿಬಿಡುತ್ತೇನೆ.

ದೊಡ್ಡಮ್ಮನಿಗೆ ನನ್ನ ಪ್ರೀತಿ. ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಳ್ಳಿ. ಅಮ್ಮ ಒಳಗಿನಿಂದ ತನ್ನ ನಮಸ್ಕಾರ ಸೇರಿಸಲು ಕೂಗುತ್ತಿದ್ದಾಳೆ, ಸೇರಿಸಿದ್ದೇನೆ. ನನ್ನ ನಮಸ್ಕಾರ, ಇನ್ನೂ ಧೂಳು ಹೋಗದ ಈ ಎರಡು ಕೈಗಳದ್ದು, ಸ್ವೀಕರಿಸಬೇಕು.

ನಿಮ್ಮ
ಪಂಡಿತೆ

ತಾ.ಕ.: ಅಂಚೆಗೆ ಹಾಕುವ ಮುಂಚೆ ಪೂರ್ತಿ ಓದಿದೆ. ಒಂದನ್ನೂ ಬಿಡುವುದಿಲ್ಲ ಎಂದು ಶುರುಮಾಡಿ ನಾನೂ ಒಂದು ಹಾಳೆ ಬಿಟ್ಟಿದ್ದೇನೆ. ನೀವು ಹೊರಟ ಬೆಳಿಗ್ಗೆ ನನಗೆ ಗೊತ್ತಿತ್ತು ಅಜ್ಜ. ಚೀಲದ ಸದ್ದು ಕೇಳಿಸಿತು. ಮೆಟ್ಟಿಲ ಬುಡದಲ್ಲಿ ನಿಂತು ನೀವು “ಪಂಡಿತೇ, ಬರ್ತೀನಮ್ಮಾ” ಎಂದು ಎರಡು ಸಲ ಕರೆದಿರಿ. ಕೇಳಿಸದ ಹಾಗೆ ಪುಟ ತಿರುವುತ್ತಾ ಕೂತಿದ್ದೆ. ತಪ್ಪಾಯ್ತು. ಪುಸ್ತಕವನ್ನು ಬಿಚ್ಚಿಸಿ ಫಾರಂ ಎಣಿಸಬೇಕೆಂದು, ಮೇಡಂ ಅವರಿಂದ ವಿಷಯ ತಿಳಿದ ಗ್ರಂಥಪಾಲಕರು ಇವತ್ತು ಕೇಳಿದರು. ಹೊಲಿದವರನ್ನು ಬಿಟ್ಟು ಬೇರೆ ಯಾರೂ ಬಿಚ್ಚಕೂಡದು ಎಂದೆ. ಒಪ್ಪಿ ನನ್ನ ಕೈಗೇ ಕೊಟ್ಟು ಕಳಿಸಿದ್ದಾರೆ. ನಿಮ್ಮ ಮೇಜಿನ ಮೇಲೆ, ಮೂಳೆಪಟ್ಟಿಯ ಪಕ್ಕದಲ್ಲಿದೆ, ನಾನು ಮುಟ್ಟಿಲ್ಲ. ಶುಕ್ರವಾರ ಮೂರು ಗಂಟೆ ಬಸ್ಸಿಗೆ ಬನ್ನಿ. ನಿಲ್ದಾಣದಲ್ಲಿ ಇರ್ತೀನಿ. ಒಂದೇ ಸಲ ಕರೀರಿ ಸಾಕು.